ಮೂರು ಬಿಲ್ಲು ಮತ್ತು ಒಂದು ಆಲೆಮನೆ: ಪಾಂಡವಪುರ ಕಡೆಯ ಬರಹಗಾರ್ತಿಯೊಬ್ಬಳ ಪ್ರಕರಣ

2023ರ ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಪಾಂಡವಪುರದಲ್ಲಿ ರೈಲು ಹತ್ತಿ ಮೈಸೂರಿಗೆ ಬಂದಳು. ಕುವೆಂಪುನಗರದ ನಮ್ಮ ಮನೆ ತಲುಪಿದಾಗ ಹನ್ನೊಂದು ಗಂಟೆ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಟೇಬಲ್ ಮೇಲಿಟ್ಟಳು. ಒಳಗೆ ಒಂದು ಏಜೆನ್ಸಿಗೆ ಅವಳು ಮಾಡಿಕೊಟ್ಟ ಅನುವಾದದ ಮೂರು ಬಿಲ್ಲು. ಅಕ್ಟೋಬರ್‌ನದು ₹30,400, ನವೆಂಬರ್‌ನದು ₹33,200, ಡಿಸೆಂಬರ್‌ನದು ₹23,800. ಒಟ್ಟು ₹87,400.

"ಒಂದು ರೂಪಾಯೀನೂ ಬಂದಿಲ್ಲ ಕಣಕ್ಕ. ಫೋನ್ ಮಾಡಿದ್ರೆ ಎತ್ತೋದೇ ಇಲ್ಲ" ಅಂದಳು.

ಅನುವಾದ, ಬರವಣಿಗೆ ನಂಬಿಕೊಂಡು ನಾನು ಹದಿನಾರು ವರ್ಷದಿಂದ ಬದುಕುತ್ತಿದ್ದೇನೆ. ಬಾಕಿ ಬಿಲ್ಲಿನ ಕತೆ ನನಗೆ ಹೊಸದೇನಲ್ಲ. ಆದರೂ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಕನ್ನಡದಲ್ಲಿ ಬರೆದು ಸ್ವಂತ ಕಾಲ ಮೇಲೆ ನಿಲ್ಲುತ್ತೇನೆ ಅಂತ ಹೊರಟವರು ಎಲ್ಲೆಲ್ಲಿ ಎಡವುತ್ತಾರೋ ಅಷ್ಟೂ ಆ ಒಂದು ಫೈಲಿನಲ್ಲಿತ್ತು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತನ್ನ ಹೆಸರು, ಊರಿನ ಹೆಸರು ಬೇಡ ಅಂದಳು. ಏಜೆನ್ಸಿಯ ಹೆಸರೂ ಇಲ್ಲಿ ಬರುವುದಿಲ್ಲ. ಮೊತ್ತಗಳೆಲ್ಲ ಅವಳ ಫೈಲಿನವು.

ಅಲ್ಲಿಯವರೆಗೆ ಆದದ್ದು

ಅವಳದು ಕನ್ನಡ ಎಂ.ಎ., ಮಾನಸಗಂಗೋತ್ರಿಯಲ್ಲಿ ಓದಿದ್ದು. ಅಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ನಡೆದ ಒಂದು ಅನುವಾದ ಕಮ್ಮಟದಲ್ಲಿ ನನಗೆ ಪರಿಚಯ. ಆಮೇಲೆ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗಿದ್ದಳು. 2020ರಲ್ಲಿ ಲಾಕ್‌ಡೌನ್ ಬಂತು, ಕಾಲೇಜಿನವರು ಮತ್ತೆ ಕರೆಯಲಿಲ್ಲ. ಮನೆಯಲ್ಲಿ ಗಂಡ, ಅತ್ತೆ, ಮೂರು ವರ್ಷದ ಮಗ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಎರಡು ಎಕರೆ ಕಬ್ಬು.

ಮೊದಲು ಸಿಕ್ಕಿದ್ದು ಟೈಪಿಂಗ್ ಕೆಲಸ. ಆಮೇಲೆ ಪದಕ್ಕೆ ನಲವತ್ತು ಪೈಸೆಯ ಅನುವಾದ. 2021ರ ಕೊನೆಗೆ ಬೆಂಗಳೂರಿನ ಒಂದು ಏಜೆನ್ಸಿ ಸಿಕ್ಕಿತು. ಶಾಲಾ ಮಕ್ಕಳ ಪಾಠಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ. ಪದಕ್ಕೆ ಅರವತ್ತು ಪೈಸೆಯಿಂದ ಶುರುವಾಗಿ ಎಂಬತ್ತು ಪೈಸೆಗೆ ಬಂತು. ತಿಂಗಳಿಗೆ ಇಪ್ಪತ್ತೈದು, ಮೂವತ್ತು ಸಾವಿರ ಬರತೊಡಗಿತು. ಅವಳು ಬೇರೆಯವರ ಕೆಲಸಗಳನ್ನು ಒಂದೊಂದಾಗಿ ಬಿಟ್ಟಳು. "ಇವರೇ ಇಷ್ಟು ಕೊಡುವಾಗ ಸುಮ್ನೆ ಯಾಕೆ ಹತ್ತು ಕಡೆ ಓಡಾಡಬೇಕು" ಅಂತ. 2022ರ ಮಧ್ಯದ ಹೊತ್ತಿಗೆ ಅವಳ ಸಂಪಾದನೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆ ಒಂದೇ ಏಜೆನ್ಸಿಯದು.

ನನ್ನ ಪ್ರಕಾರ ಪ್ರಕರಣ ಶುರುವಾಗುವುದು ಇಲ್ಲಿಂದ. ಅಕ್ಟೋಬರ್ ಬಿಲ್ಲು ನಿಲ್ಲುವುದಕ್ಕೆ ನಾಲ್ಕು ತಿಂಗಳು ಮೊದಲೇ ಅವಳ ಕೈಯಲ್ಲಿದ್ದ ಬಲ ಹೋಗಿತ್ತು. ಅಕ್ಟೋಬರ್ ದುಡ್ಡು ಬರಲಿಲ್ಲ ಅಂದಾಗ ಕೆಲಸ ನಿಲ್ಲಿಸುವ ಧೈರ್ಯ ಬರಲಿಲ್ಲ, ಯಾಕೆಂದರೆ ಬೇರೆ ಕೆಲಸವೇ ಇರಲಿಲ್ಲ. ನವೆಂಬರ್ ಮಾಡಿಕೊಟ್ಟಳು. ಡಿಸೆಂಬರ್ ಕೂಡ ಮಾಡಿಕೊಟ್ಟಳು. ಅವಳ ಅತ್ತೆ ಒಂದು ರಾತ್ರಿ ಬಾಗಿಲಲ್ಲಿ ನಿಂತು, "ಹನ್ನೊಂದು ಗಂಟೆ ಗಂಟ ಕುಟ್ತಾ ಕೂತಿರ್ತೀಯಲ್ಲವ್ವ, ಕಾಸು ಬತ್ತಾ ಐತಾ?" ಅಂತ ಕೇಳಿದರಂತೆ. ಅದರಲ್ಲಿ ಕೊಂಕು ಇರಲಿಲ್ಲ, ಸೊಸೆಯ ಕಣ್ಣು ಕೆಂಪಗಾದದ್ದು ನೋಡಿ ಕೇಳಿದ್ದು. ಉತ್ತರ ಕೊಡೋಕಾಗದೆ ಮಾರನೆ ದಿನ ನನಗೆ ಫೋನ್ ಮಾಡಿದಳು.

ಫೈಲ್ ಬಿಚ್ಚಿದಾಗ

ನಾನು ಮೊದಲು ಕೇಳಿದ್ದು ಕರಾರು ಪತ್ರ. ಇರಲಿಲ್ಲ. ಎಲ್ಲ ವಾಟ್ಸಾಪ್‌ನಲ್ಲೇ ಮಾತಾಗಿತ್ತು. ರೇಟು, ಗಡುವು, "ಗುಡ್ ವರ್ಕ್ ಮೇಡಂ" ಎಲ್ಲ ಅಲ್ಲೇ. ಒಂದು ಸಮಾಧಾನ ಏನೆಂದರೆ ಅವಳು ಯಾವುದನ್ನೂ ಅಳಿಸಿರಲಿಲ್ಲ, ಫೈಲುಗಳನ್ನು ಮಾತ್ರ ಪ್ರತಿ ಸಲವೂ ಇಮೇಲ್‌ನಲ್ಲೇ ಕಳಿಸಿದ್ದಳು. ದಿನಾಂಕ, ಸಮಯ, ತಲುಪಿತು ಅನ್ನುವ ಉತ್ತರ ಎಲ್ಲ ಸಿಕ್ಕಿತು. ಅದನ್ನೆಲ್ಲ ಪ್ರಿಂಟ್ ತೆಗೆಸಿದೆವು.

ಎರಡನೆಯದು ಪದಗಳ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡಕ್ಕೆ ಅನುವಾದ ಮಾಡುವ ಎಷ್ಟೋ ಜನ ಈಗಲೂ ಇಲ್ಲಿ ನಷ್ಟ ಮಾಡಿಕೊಳ್ಳುತ್ತಿದ್ದಾರೆ. ಬಿಲ್ಲಿನಲ್ಲಿ ಎಣಿಸಿದ್ದು ಕನ್ನಡದ ಪದಗಳನ್ನು. ನಮ್ಮ ಭಾಷೆಯಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. "ಮನೆಯಲ್ಲಿದ್ದವರಿಗೂ" ಅನ್ನುವುದು ನಮಗೆ ಒಂದು ಪದ, ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಎಂಟು ಪದ ಬೇಕು. ಹಾಗಾಗಿ ಇಂಗ್ಲಿಷ್ ಪಾಠ ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಇಳಿದುಬಿಡುತ್ತದೆ. ಅವಳ ಅಕ್ಟೋಬರ್ ಕೆಲಸವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಎಣಿಸಿ ನೋಡಿದೆವು. ಇಂಗ್ಲಿಷ್ ಮೂಲದಲ್ಲಿ 52,000 ಪದ, ಕನ್ನಡದಲ್ಲಿ 38,000. ಮೂಲದ ಪದ ಎಣಿಸಿದ್ದರೆ ಅದೇ ಎಂಬತ್ತು ಪೈಸೆ ದರದಲ್ಲಿ ₹41,600 ಆಗಬೇಕಿತ್ತು. ಒಂದೇ ತಿಂಗಳಲ್ಲಿ ₹11,200 ವ್ಯತ್ಯಾಸ. ಅವಳು ಆ ಸಂಖ್ಯೆಯನ್ನೇ ನೋಡುತ್ತಾ ಕೂತಳು. ಹಿಂದಿನ ಹದಿನೈದು ತಿಂಗಳನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು ಅಂತ ಕಾಣುತ್ತೆ. ಅದನ್ನು ಈಗ ಕೇಳುವ ಹಾಗಿರಲಿಲ್ಲ. ಒಪ್ಪಿಕೊಂಡೇ ಮಾಡಿದ ಲೆಕ್ಕ ಅದು.

ಮೂರನೆಯದು ಆದಾಯ ತೆರಿಗೆ. ಅಲ್ಲಿಯವರೆಗೆ ಅವಳು ರಿಟರ್ನ್ ಹಾಕಿರಲಿಲ್ಲ. "ನನ್ನ ದುಡಿಮೆಗೆ ಟ್ಯಾಕ್ಸ್ ಎಲ್ಲಿಂದ ಬರುತ್ತೆ" ಅನ್ನುವುದು ಅವಳ ನಂಬಿಕೆ. ಟ್ಯಾಕ್ಸ್ ಬರುವುದಿಲ್ಲ ನಿಜ, ಆದರೆ ದುಡ್ಡು ಕೊಟ್ಟ ಪ್ರತಿ ಬಿಲ್ಲಿನಲ್ಲೂ ಏಜೆನ್ಸಿ ಶೇ. 10 ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮುಂಚೆ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿದಿತ್ತು. ವೃತ್ತಿ ಶುಲ್ಕ ವರ್ಷಕ್ಕೆ ಒಂದು ಮಿತಿ ದಾಟಿದರೆ ಕಂಪನಿಗಳು ಹಾಗೆ ಹಿಡಿಯಲೇಬೇಕು. ಆಗ ಆ ಮಿತಿ ₹30,000 ಇತ್ತು, 2025ರ ಏಪ್ರಿಲ್‌ನಿಂದ ₹50,000 ಆಗಿದೆ. ಹಿಡಿದ ದುಡ್ಡು ನಮ್ಮ ಪ್ಯಾನ್ ನಂಬರಿನ ಮೇಲೆ ಸರ್ಕಾರದಲ್ಲಿ ಜಮಾ ಆಗಿರುತ್ತದೆ, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. 2021–22ರ ರಿಟರ್ನಿಗೆ ತಡವಾಗಿ ಹಾಕುವ ಕೊನೆಯ ದಿನವೂ 2022ರ ಡಿಸೆಂಬರ್ 31ಕ್ಕೆ ಮುಗಿದಿತ್ತು. ಅವಳು ನನ್ನ ಮನೆಗೆ ಬಂದದ್ದು ಫೆಬ್ರವರಿಯಲ್ಲಿ. ತಡವನ್ನು ಮನ್ನಿಸಿ ಅಂತ ಬೇರೆ ಅರ್ಜಿ ಹಾಕುವ ದಾರಿ ಇದೆ, ಆ ಮೊತ್ತಕ್ಕೆ ಅವಳು ಅಷ್ಟು ಓಡಾಡಲಿಲ್ಲ. 2022–23ರದ್ದನ್ನು ಮಾತ್ರ ಸಮಯಕ್ಕೆ ಸರಿಯಾಗಿ ಹಾಕಿದಳು, ಪೂರ್ತಿ ವಾಪಸ್ ಬಂತು.

ಆದರೆ ಟಿಡಿಎಸ್ ನೋಡಲು ಹೋದಾಗಲೇ ನಮಗೆ ಒಂದು ಹಿಡಿ ಸಿಕ್ಕಿತು. ಆದಾಯ ತೆರಿಗೆ ಪೋರ್ಟಲಿನಲ್ಲಿ ಅವಳ ಲಾಗಿನ್ ಮಾಡಿ, ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆ ಅಂತ ತೋರಿಸುವ ಫಾರಂ 26ಎಎಸ್ ತೆಗೆದೆವು. ಅದರಲ್ಲಿ ಬಾಕಿ ಬಿಲ್ಲುಗಳದೇ ಎರಡು ಸಾಲು ಇದ್ದವು. ₹30,400ಕ್ಕೆ ಕಡಿತ ₹3,040. ₹33,200ಕ್ಕೆ ಕಡಿತ ₹3,320. ಹಿಡಿದವರ ಹೆಸರಿನ ಜಾಗದಲ್ಲಿ ಅದೇ ಏಜೆನ್ಸಿ.

ನಾನು ಎದ್ದು ನಿಂತುಬಿಟ್ಟೆ. ದುಡ್ಡು ಕೊಡದೇ ಇದ್ದರೂ ಬಿಲ್ಲನ್ನು ತಮ್ಮ ಲೆಕ್ಕಪುಸ್ತಕದಲ್ಲಿ ಏರಿಸಿದ ದಿನವೇ ಟಿಡಿಎಸ್ ಹಿಡಿಯಬೇಕು, ಪಾವತಿ ಅಥವಾ ಜಮೆ, ಯಾವುದು ಮೊದಲೋ ಆಗ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದ ವಿವರವನ್ನು ಜನವರಿ 31ರೊಳಗೆ ಸಲ್ಲಿಸಬೇಕು. ಏಜೆನ್ಸಿಯ ಲೆಕ್ಕದವರು ನಿಯಮದ ಪ್ರಕಾರ ಸಲ್ಲಿಸಿದ್ದರು. ಅಂದರೆ ಫೋನ್ ಎತ್ತದ ಆ ಕಂಪನಿ, ಈಕೆಗೆ ಇಷ್ಟು ಕೊಡಬೇಕು ಅಂತ ಸರ್ಕಾರಕ್ಕೆ ಬರೆದುಕೊಟ್ಟಾಗಿತ್ತು. ಅದೊಂದರಿಂದಲೇ ಕೋರ್ಟಿನಲ್ಲಿ ಸಾಲ ಒಪ್ಪಿಕೊಂಡ ಹಾಗೆ ಆಗಿಬಿಡುವುದಿಲ್ಲ. ಆದರೆ ಇಮೇಲ್‌ಗಳ ಜೊತೆ ಅದನ್ನೂ ಇಟ್ಟರೆ, "ಆ ಕೆಲಸ ನಮಗೆ ಗೊತ್ತೇ ಇಲ್ಲ" ಅಂತ ಹೇಳೋಕೆ ಅವರಿಗೆ ಬಾಯಿರುವುದಿಲ್ಲ. ಬಾಕಿ ಬಿಲ್ಲು ಇಟ್ಟುಕೊಂಡು ಕೂತಿರುವ ಯಾರಿಗೇ ಆಗಲಿ ನಾನು ಈಗ ಮೊದಲು ಹೇಳುವುದು 26ಎಎಸ್ ನೋಡಿ ಅಂತಲೇ.

ಡಿಸೆಂಬರ್ ಬಿಲ್ಲು ಮಾತ್ರ ಅದರಲ್ಲಿ ಇರಲಿಲ್ಲ.

ಒಡೆದ ಒತ್ತಕ್ಷರ

ಡಿಸೆಂಬರ್ ಬಿಲ್ಲು ಯಾಕೆ ಇರಲಿಲ್ಲ ಅನ್ನುವುದು ಒಂದು ವಾರದ ಮೇಲೆ ಗೊತ್ತಾಯಿತು. ಅವಳ ಐದನೇ ಇಮೇಲ್‌ಗೆ ಏಜೆನ್ಸಿಯಿಂದ ಉತ್ತರ ಬಂತು. ಡಿಸೆಂಬರ್ ಕೆಲಸದಲ್ಲಿ ತುಂಬ ಕಾಗುಣಿತ ದೋಷಗಳಿವೆ, ಅದನ್ನು ತಿರಸ್ಕರಿಸಿದ್ದೇವೆ ಅಂತ. ಜೊತೆಗೆ ಹನ್ನೆರಡು ಪುಟದ ಒಂದು ಪಿಡಿಎಫ್, ಅದರ ತುಂಬ ಕೆಂಪು ಸುತ್ತು.

ಅವಳು ಅದನ್ನು ನನಗೆ ಕಳಿಸಿ ಫೋನ್ ಮಾಡಿದಳು. ಧ್ವನಿ ನಡುಗುತ್ತಿತ್ತು. "ನಾನು ಇಷ್ಟೊಂದು ತಪ್ಪು ಮಾಡ್ತೀನಾ ಅಕ್ಕ?" ಅಂದಳು. ಕನ್ನಡ ಎಂ.ಎ. ಮಾಡಿದವಳಿಗೆ ದುಡ್ಡು ಹೋಗುವುದಕ್ಕಿಂತ ಈ ಮಾತು ಜಾಸ್ತಿ ಚುಚ್ಚುತ್ತದೆ.

ಪಿಡಿಎಫ್ ದೊಡ್ಡದು ಮಾಡಿ ನೋಡಿದೆ. ಕೆಂಪು ಸುತ್ತಿನೊಳಗೆ "ವಿದ್ಯಾರ್ಥಿ" ಇತ್ತು. ದ ಒಂದು ಕಡೆ, ಅದರ ಬಲಕ್ಕೆ ಬೇರೆಯಾಗಿ ನಿಂತ ಅರ್ಧಾಕ್ಷರದ ಗುರುತು, ಯ ಇನ್ನೊಂದು ಕಡೆ. ಅರ್ಕಾವತ್ತು ತಾನು ಇರಬೇಕಾದ ಜಾಗದಲ್ಲೇ ಇರಲಿಲ್ಲ. "ಸಂಸ್ಕೃತಿ", "ಸ್ವಾತಂತ್ರ್ಯ", "ರಾಷ್ಟ್ರ" ಎಲ್ಲದರ ಗತಿಯೂ ಅದೇ. ಒತ್ತಕ್ಷರ ಇಲ್ಲದ ಪದಗಳಿಗೆ ಒಂದೇ ಒಂದು ಸುತ್ತು ಬಿದ್ದಿರಲಿಲ್ಲ. ಅವಳು ಕಳಿಸಿದ ಮೂಲ ಫೈಲ್ ತೆರೆದೆ. ಅಲ್ಲಿ ಎಲ್ಲ ಸರಿಯಾಗಿತ್ತು.

ಪುಟ ಜೋಡಿಸುವವರಿಗೆ ಇದು ಗೊತ್ತಿರುವ ಕಾಯಿಲೆ. ಯುನಿಕೋಡ್‌ನಲ್ಲಿ (ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಸಂಕೇತ) ಟೈಪ್ ಮಾಡಿದ ಕನ್ನಡವನ್ನು ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರಿಗೆ ಹಾಕಿದರೆ ಅದಕ್ಕೆ ಓದಲು ಬರುವುದಿಲ್ಲ, ಅಲ್ಲಿಗೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟೇ ಬೇಕು. ಇನ್‌ಡಿಸೈನ್‌ನಲ್ಲಿ ಯುನಿಕೋಡ್ ನಡೆಯುತ್ತದೆ, ಆದರೆ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಹಾಕಿರಬೇಕು. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಹೀಗೆ ಬಿಡಿ ಬಿಡಿ ಆಗುತ್ತವೆ. ಪುಟ ಕಟ್ಟಿದವರು ಆ ಸೆಟ್ಟಿಂಗ್ ಹಾಕಿರಲಿಲ್ಲ. ತಪ್ಪು ಹುಡುಕಿದವರಿಗೆ ಕನ್ನಡ ಓದಲು ಬರುತ್ತಿತ್ತು, ಆದರೆ ತಪ್ಪು ಯಾರದು ಅಂತ ನೋಡುವ ವ್ಯವಧಾನ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. 29,750 ಪದಗಳನ್ನು, ಒಬ್ಬ ತಾಯಿ ಮಗು ಮಲಗಿದ ಮೇಲೆ ಕೂತು ಮಾಡಿದ ಕೆಲಸವನ್ನು, ಒಂದು ಸೆಟ್ಟಿಂಗ್ ನೋಡದೆ ತಳ್ಳಿಹಾಕಿದ್ದರು.

ನಾವು ಎರಡು ಚಿತ್ರ ಅಕ್ಕಪಕ್ಕ ಇಟ್ಟು ಕಳಿಸಿದೆವು. ಎಡಕ್ಕೆ ಅವಳ ಫೈಲು, ಬಲಕ್ಕೆ ಅವರ ಪಿಡಿಎಫ್. ಉತ್ತರ ಬರಲಿಲ್ಲ.

ಮಂಡ್ಯದಲ್ಲಿ ಬರೆದ ಪತ್ರ

ಮಾರ್ಚ್ ಮೊದಲ ವಾರ ಅವಳು ಮಂಡ್ಯಕ್ಕೆ ಹೋದಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ವಕೀಲರ ನೋಟಿಸಿಗೆ ಎಷ್ಟಾಗುತ್ತೋ ಅಂತ ಹೆದರಿಕೊಂಡಿದ್ದಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ. ಇದು ನಮ್ಮ ಎಷ್ಟೋ ಬರಹಗಾರ್ತಿಯರಿಗೆ ಗೊತ್ತೇ ಇಲ್ಲ. ಅಲ್ಲಿ ಸಿಕ್ಕ ವಕೀಲರು ಫೈಲು ಪೂರ್ತಿ ನೋಡಿ, ಮೊದಲು ನೋಟಿಸ್ ಕಳಿಸೋಣ ಅಂದರು. ದಾವೆ ಹೂಡಲು ಮೂರು ವರ್ಷ ಕಾಲಾವಕಾಶ ಇದೆ, ಅವಸರ ಇಲ್ಲ ಅಂತಲೂ ಹೇಳಿದರು.

ನಾನು ಇನ್ನೊಂದು ಆಸೆ ಇಟ್ಟುಕೊಂಡಿದ್ದೆ. 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲಿ ಸಣ್ಣ ಉದ್ಯಮಗಳಿಗೆ ಒಳ್ಳೆಯ ರಕ್ಷಣೆ ಇದೆ. ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಬರೆದ ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಮನೆಯಲ್ಲಿ ಕೂತು ಅನುವಾದ ಮಾಡುವವರೂ ಸೇವಾ ಉದ್ಯಮ ಅಂತ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಆಧಾರ್ ಕೊಟ್ಟು ನೋಂದಾಯಿಸಬಹುದು, ಒಂದು ಪೈಸೆ ಖರ್ಚಿಲ್ಲ. ಆದರೆ ಅವಳು ನೋಂದಾಯಿಸಿರಲಿಲ್ಲ. ಈಗ ಮಾಡಿಸಿದರೆ ಹಳೆಯ ಬಿಲ್ಲಿಗೆ ಬರುತ್ತಾ ಅಂತ ಕೇಳಿದಾಗ ವಕೀಲರು ಇಲ್ಲ ಅಂತ ತಲೆ ಅಲ್ಲಾಡಿಸಿದರು. ನೋಂದಣಿಯ ನಂತರದ ಕೆಲಸಕ್ಕೆ ಮಾತ್ರ ಆ ರಕ್ಷಣೆ ಸಿಗುತ್ತದೆ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹತ್ತು ನಿಮಿಷದ ಕೆಲಸ, ಒಂದು ವರ್ಷ ಮೊದಲೇ ಮಾಡಿದ್ದರೆ ಕತೆಯೇ ಬೇರೆ ಇರುತ್ತಿತ್ತು. ನಾನೇ ಅವಳಿಗೆ ಹೇಳಬೇಕಿತ್ತು. ಹೇಳಿರಲಿಲ್ಲ. ಆ ಸಂಜೆಯೇ ನೋಂದಾಯಿಸಿದಳು.

ನೋಟಿಸಿನಲ್ಲಿ ಮೂರು ವಿಷಯ ಬಂತು. ಇಮೇಲ್‌ಗಳ ಪಟ್ಟಿ, 26ಎಎಸ್‌ನ ಎರಡು ಸಾಲು, ಮತ್ತೆ ಕೃತಿಸ್ವಾಮ್ಯ. ಕೊನೆಯದನ್ನು ಸೇರಿಸಲು ನಾನೇ ಒತ್ತಾಯ ಮಾಡಿದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೌಕರರು ಸಂಬಳಕ್ಕೆ ಬರೆದದ್ದು ಮಾಲೀಕರದು. ಆದರೆ ಹೊರಗಿನಿಂದ ಬರೆದುಕೊಟ್ಟವರ ಬರಹದ ಹಕ್ಕು, ಅವರು ಸಹಿ ಮಾಡಿ ಲಿಖಿತವಾಗಿ ಬಿಟ್ಟುಕೊಡುವ ತನಕ ಅವರದೇ. ಅನುವಾದವೂ ಬರಹವೇ. ಮೂಲ ಪಾಠದ ಹಕ್ಕು ಅವಳದಲ್ಲ, ನಿಜ. ಆದರೆ ಅವಳ ಕನ್ನಡ ಅವಳದು, ಅದನ್ನು ಅವಳು ಯಾರಿಗೂ ಬರೆದುಕೊಟ್ಟಿರಲಿಲ್ಲ. ಆ ಪಾಠಗಳು ಆಗಲೇ ಮಕ್ಕಳ ಮೊಬೈಲಿನಲ್ಲಿ ಓಡುತ್ತಿದ್ದವು. ಕರಾರು ಪತ್ರ ಇಲ್ಲದ್ದು ಅವಳಿಗೆ ಎಷ್ಟು ತೊಂದರೆಯೋ ಏಜೆನ್ಸಿಗೂ ಅಷ್ಟೇ ತೊಂದರೆ ಆಗಿತ್ತು.

ಏಜೆನ್ಸಿಯ ಗಿರಾಕಿ ಕಂಪನಿಗೆ ನೇರವಾಗಿ ಬರೆದುಬಿಡೋಣವೇ ಅಂತ ಅವಳು ಕೇಳಿದಳು. ಬೇಡ ಅಂದೆ. ಆ ಬಾಣ ಒಂದು ಸಲ ಬಿಟ್ಟರೆ ವಾಪಸ್ ಬರುವುದಿಲ್ಲ, ಮಾತುಕತೆ ಮುರಿದ ಮೇಲೆ ನೋಡೋಣ ಅಂತ.

ಏಪ್ರಿಲ್ 11ಕ್ಕೆ ಅವರ ಕಡೆಯಿಂದ ಫೋನ್ ಬಂತು. ಅಕ್ಟೋಬರ್, ನವೆಂಬರ್ ಬಿಲ್ಲು ಕೊಡುತ್ತೇವೆ ಅಂದರು. ಟಿಡಿಎಸ್ ಕಳೆದು ₹57,240 ಅದೇ ವಾರ ಖಾತೆಗೆ ಬಂತು. ಡಿಸೆಂಬರ್‌ದಕ್ಕೆ ₹12,000 ಕೊಡುತ್ತೇವೆ, ಒಪ್ಪಿದರೆ ಮುಗಿಸೋಣ ಅಂದರು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಆ ಎರಡು ಚಿತ್ರ ನಮ್ಮ ಕೈಯಲ್ಲಿತ್ತು, ನ್ಯಾಯ ಪೂರ್ತಿ ನಮ್ಮ ಕಡೆ ಇತ್ತು. ಅವಳು ಒಪ್ಪಿದಳು. ಮಗನನ್ನು ಮೇ ತಿಂಗಳಲ್ಲಿ ಶಾಲೆಗೆ ಸೇರಿಸಬೇಕಿತ್ತು, ಮನೆಯಲ್ಲಿ ಕೈಸಾಲ ಆಗಿತ್ತು. "ಇದನ್ನ ಇನ್ನೂ ಆರು ತಿಂಗಳು ತಲೇಲಿ ಹೊತ್ಕೊಂಡು ತಿರುಗೋಕಾಗಲ್ಲ ಅಕ್ಕ" ಅಂದಳು. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ತಾನು ಕಳೆದುಕೊಂಡ ₹11,800ನ್ನು ಆ ಫೈಲಿನ ಮುಖಪುಟದ ಮೇಲೆ ಪೆನ್ನಿನಲ್ಲಿ ಬರೆದಿದ್ದಾಳೆ, ಈಗಲೂ ಇದೆ.

ಆಲೆಮನೆ

ಇನ್ನು ನಿಜವಾಗಿ ಅವಳ ವೃತ್ತಿ ಶುರುವಾದದ್ದು. ಅದು ಇದೇ ನಾಲ್ಕು ತಿಂಗಳಲ್ಲಿ ಆಯಿತು.

ಜನವರಿಯಿಂದ ಕೆಲಸ ಇರಲಿಲ್ಲ. ತವರಿನಲ್ಲಿ ಅಪ್ಪನ ಆಲೆಮನೆ ನಡೆಯುತ್ತಿತ್ತು. ಮಗನನ್ನು ಕರೆದುಕೊಂಡು ದಿನಾ ಹೋಗಿ ಕೂರುತ್ತಿದ್ದಳು. ಒಂದು ದಿನ ಅಪ್ಪ ಕೊಪ್ಪರಿಗೆ ಹತ್ತಿರ ನಿಂತು ಪಾಕ ನೋಡುತ್ತಿದ್ದಾಗ ಫೋನಿನಲ್ಲೇ ಬರೆದುಕೊಂಡಳಂತೆ. ಅದನ್ನು ತನ್ನ ಬ್ಲಾಗಿಗೆ ಹಾಕಿದಳು. ಬ್ಲಾಗ್ ಎರಡು ವರ್ಷದ ಹಿಂದೆಯೇ ಮಾಡಿಟ್ಟಿದ್ದಳು, ಅದರಲ್ಲಿ ಇದ್ದದ್ದು ನಾಲ್ಕು ಕವಿತೆ, ಒಂದು ಹಬ್ಬದ ಶುಭಾಶಯ.

ಆ ಬರಹ ನನಗೆ ಈಗಲೂ ನೆನಪಿದೆ. ಕಬ್ಬಿನ ಹಾಲಿಗೆ ಸುಣ್ಣದ ನೀರು ಯಾಕೆ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಬಿಟ್ಟರೆ ಕಸವೆಲ್ಲ ನೊರೆ ಜೊತೆ ಹೇಗೆ ಮೇಲೆ ಬರುತ್ತದೆ, ಪಾಕ ಬಂತೋ ಇಲ್ಲವೋ ಅಂತ ತಣ್ಣೀರಿಗೆ ಒಂದು ಹನಿ ಬಿಟ್ಟು ಅಪ್ಪ ಬೆರಳಲ್ಲಿ ಹೇಗೆ ಉಂಡೆ ಮಾಡಿ ನೋಡುತ್ತಾರೆ, ಎಲ್ಲ ಇತ್ತು. ಆಮೇಲೆ ಬಣ್ಣದ ವಿಷಯಕ್ಕೆ ಬಂದಿದ್ದಳು. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಹಾಕುವ ಪುಡಿಗೆ ಆಲೆಮನೆಯವರು ಹೈಡ್ರೋಸ್ ಅನ್ನುತ್ತಾರೆ, ಸೋಡಿಯಂ ಹೈಡ್ರೋಸಲ್ಫೈಟ್. ಅದನ್ನು ಯಾಕೆ ಹಾಕುತ್ತೀರಿ ಅಂತ ಅಪ್ಪನನ್ನೇ ಕೇಳಿದ್ದಾಳೆ. "ಕರೀ ಬೆಲ್ಲ ತಕೊಂಡೋದ್ರೆ ಮಂಡಿಯೋರು ರೇಟು ಕಮ್ಮಿ ಕಟ್ತರೆ ಮಗಾ" ಅನ್ನುವುದು ಅಪ್ಪನ ಉತ್ತರ. ಅದನ್ನು ಹಾಗೇ ಹಾಕಿದ್ದಳು. ಅಪ್ಪನನ್ನು ಬಚ್ಚಿಡಲೂ ಇಲ್ಲ, ಬೈಯಲೂ ಇಲ್ಲ.

ಹದಿನೈದು ತಿಂಗಳು ಅವಳ ಅನುವಾದವನ್ನು ನಾನು ಆಗಾಗ ನೋಡಿದ್ದೆ. ಅಚ್ಚುಕಟ್ಟು ಕೆಲಸ, ಆದರೆ ಯಾರು ಮಾಡಿದರೂ ಹಾಗೇ ಇರುತ್ತಿತ್ತು. ಆಲೆಮನೆ ಬರಹವನ್ನು ಬೇರೆ ಯಾರೂ ಹಾಗೆ ಬರೆಯಲಾರರು. ಅದನ್ನು ಓದಿದ ರಾತ್ರಿಯೇ ಅವಳಿಗೆ ಫೋನ್ ಮಾಡಿ, "ನೀನು ಇದನ್ನೇ ಬರಿ ಕಣೇ. ವಾರಕ್ಕೊಂದು ಬರಿ, ಬಿಡಬೇಡ" ಅಂದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಹನ್ನೊಂದು ಬರೆದಳು. ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬು, ನಾಲೆ ನೀರಿನ ಸರದಿ, ಕಟಾವಿಗೆ ಬರುವ ಕೂಲಿಯವರ ಗುಡಿಸಲು, ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕುವ ಲೆಕ್ಕ.

ಮೇ ತಿಂಗಳಲ್ಲಿ ಮೈಸೂರಿನಲ್ಲಿ ಸಾವಯವ ಅಂಗಡಿ ನಡೆಸುವ ಒಬ್ಬರು ಬರೆದರು. ಬೆಲ್ಲದ ಪೊಟ್ಟಣದೊಳಗೆ ಹಾಕುವ ಆರು ಚೀಟಿ ಬೇಕು, ಒಂದೊಂದೂ ಮೂವತ್ತು ಪದ. "ಎಷ್ಟು ಹೇಳಲಿ ಅಕ್ಕ?" ಅಂತ ಕೇಳಿದಳು. ನಾನು ಲೆಕ್ಕ ಹಾಕಿ ತೋರಿಸಿದೆ. ನಿನ್ನ ಹಳೆಯ ದರದಲ್ಲಿ 180 ಪದಕ್ಕೆ ₹144. ಅವರು ಕೊಳ್ಳುತ್ತಿರುವುದು ಪದವನ್ನಲ್ಲ, ನೀನು ಆ ಕೊಪ್ಪರಿಗೆ ಹತ್ತಿರ ಬೆಳೆದದ್ದನ್ನು. ₹3,000 ಹೇಳಿದಳು. ಅರ್ಧ ಮುಂಗಡ ಕೇಳಿದಳು. ಅವರು ಹತ್ತು ನಿಮಿಷದಲ್ಲಿ ಯುಪಿಐ ಮಾಡಿದರು.

ಆಮೇಲೆ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿ ಬಂತು. ಅವರ ಹತ್ತಿರ ಎಲ್ಲೋ ಅನುವಾದ ಮಾಡಿಸಿದ ಕರಪತ್ರ ಇತ್ತು, ಅದರಲ್ಲಿ "ರಟೂನ್ ಬೆಳೆ ನಿರ್ವಹಣೆ" ಅಂತ ತಲೆಬರಹ. ಮಂಡ್ಯದ ಯಾವ ರೈತನೂ ಅದನ್ನು ಹಾಗೆ ಅನ್ನುವುದಿಲ್ಲ. ಅವಳು "ಕೂಳೆ ಕಬ್ಬನ್ನು ನೋಡಿಕೊಳ್ಳುವುದು" ಅಂತ ಬರೆದುಕೊಟ್ಟಳು. ಅವರಿಗೆ ಈಗ ತಿಂಗಳಿಗೊಂದು ಸುದ್ದಿಪತ್ರ, ಬೇಕಾದಾಗ ಕರಪತ್ರ, ತಿಂಗಳಿಗೆ ₹9,000. ಮೈಸೂರಿನ ಒಂದು ಪ್ರಕಾಶನಕ್ಕೆ ಅನುವಾದ ತಿದ್ದುವ ಕೆಲಸ ಮಾಡುತ್ತಾಳೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮೂರು ದಿನವೂ ಪುಸ್ತಕ ಮಳಿಗೆಗಳಲ್ಲಿ ಸುತ್ತಿ, ಇನ್ನೂ ಇಬ್ಬರು ಪ್ರಕಾಶಕರ ಪರಿಚಯ ಮಾಡಿಕೊಂಡಳು.

ಬ್ಲಾಗಿನ ಜಾಹೀರಾತಿನಿಂದ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಆಡ್‌ಸೆನ್ಸ್ (ಗೂಗಲ್ ಜಾಹೀರಾತು) ಖಾತೆಯಲ್ಲಿ ಹತ್ತು ಡಾಲರ್ ಆದಾಗ ವಿಳಾಸ ಖಾತ್ರಿಗೆ ಒಂದು ಪಿನ್ ನಂಬರನ್ನು ಅಂಚೆಯಲ್ಲಿ ಕಳಿಸುತ್ತಾರೆ. ಆ ಕಾಗದ ಊರಿಗೆ ಬಂದ ದಿನ ಪೋಸ್ಟ್‌ಮ್ಯಾನ್ ಸೇರಿದಂತೆ ಬೀದಿಯವರೆಲ್ಲ ನೋಡಿದರು. ನೂರು ಡಾಲರ್ ಆದರೆ ಮಾತ್ರ ದುಡ್ಡು ಬ್ಯಾಂಕಿಗೆ ಬರುತ್ತದೆ. ಅವಳಿಗೆ ಆ ನೂರು ಆಗಲು ಹದಿನೇಳು ತಿಂಗಳು ಬೇಕಾಯಿತು. ಅಷ್ಟನ್ನೇ ನಂಬಿದ್ದರೆ ಮನೆ ನಡೆಯುತ್ತಿರಲಿಲ್ಲ. ಆದರೆ ಅವಳಿಗೆ ಕೆಲಸ ಕೊಟ್ಟ ಬಹುತೇಕರು ಅದನ್ನು ಓದಿಯೇ ಹುಡುಕಿಕೊಂಡು ಬಂದವರು. ಅಂಗಡಿ ಮುಂದಿನ ಬೋರ್ಡಿನಿಂದ ವ್ಯಾಪಾರ ಆಗುತ್ತೆ, ಬೋರ್ಡಿಗೆ ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ, ಹಾಗೆ.

ಈಗ

ಅವಳ ಹತ್ತಿರ ಒಂದು ಪುಟದ ಕರಾರು ಇದೆ. ಮೂಲದ ಪದ ಎಣಿಕೆ, ಅರ್ಧ ಮುಂಗಡ, ಯುನಿಕೋಡ್ ಫೈಲು, ಪುಟ ಕಟ್ಟಿದ ಮೇಲೆ ಒಮ್ಮೆ ತಾನೇ ನೋಡುವುದು, ಪೂರ್ತಿ ದುಡ್ಡು ಬಂದ ಮೇಲೆಯೇ ಹಕ್ಕು ಬಿಟ್ಟುಕೊಡುವುದು. ಉದ್ಯಮ್ ನಂಬರ್ ಪ್ರತಿ ಬಿಲ್ಲಿನ ಮೇಲೂ ಇರುತ್ತದೆ. ಯಾವ ಗಿರಾಕಿಯ ಪಾಲೂ ಮೂರನೇ ಒಂದು ಭಾಗ ದಾಟದ ಹಾಗೆ ನೋಡಿಕೊಳ್ಳುತ್ತಾಳೆ. ತಿಂಗಳಿಗೆ ಇಪ್ಪತ್ತೆರಡು ಸಾವಿರದಿಂದ ಮೂವತ್ತೆಂಟು ಸಾವಿರದ ನಡುವೆ ಬರುತ್ತದೆ. ಹಳೆಯ ಸಂಪಾದನೆಗಿಂತ ತೀರ ಜಾಸ್ತಿಯೇನಲ್ಲ, ಆದರೆ ರಾತ್ರಿ ಹನ್ನೊಂದರ ತನಕ ಕೂರುವುದು ನಿಂತಿದೆ.

2024ರ ಮಾರ್ಚ್‌ನಲ್ಲಿ ಒಂದು ಕೃಷಿ ಉಪಕರಣ ಕಂಪನಿ ₹18,000 ಬಾಕಿ ಉಳಿಸಿಕೊಂಡಿತ್ತು. ಇವಳು ನೆನಪಿಸುವ ಮೊದಲೇ ಅವರ ಲೆಕ್ಕದವರು ಫೋನ್ ಮಾಡಿ, ಉದ್ಯಮ್ ಪ್ರಮಾಣಪತ್ರ ಕಳಿಸಿ ಮೇಡಂ ಅಂದರು. ಆ ಹಣಕಾಸು ವರ್ಷದಿಂದ ಹೊಸ ನಿಯಮ ಬಂದಿತ್ತು. ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಬಾಕಿಯನ್ನು, ನಿಜವಾಗಿ ಕೊಡುವ ವರ್ಷ ಬರುವ ತನಕ ಖರ್ಚು ಅಂತ ತೋರಿಸಿ ಕಂಪನಿಗಳು ತೆರಿಗೆ ಉಳಿಸುವ ಹಾಗಿಲ್ಲ. ಮಾರ್ಚ್ 28ಕ್ಕೆ ದುಡ್ಡು ಬಂತು. ಅವತ್ತು ಅವಳು ನನಗೆ ಕಳಿಸಿದ ಸಂದೇಶದಲ್ಲಿ ಮಾತೇ ಇರಲಿಲ್ಲ, ಬ್ಯಾಂಕಿನ ಮೆಸೇಜಿನ ಫೋಟೊ ಮಾತ್ರ.

2025ರಲ್ಲಿ ಅದೇ ಹಳೆಯ ಏಜೆನ್ಸಿಯಿಂದ ಒಂದು ಇಮೇಲ್ ಬಂತು. ಈಗ ಮೊದಲ ಅನುವಾದ ಯಂತ್ರ ಮಾಡುತ್ತದೆ, ನೀವು ತಿದ್ದಿಕೊಟ್ಟರೆ ಸಾಕು, ಪದಕ್ಕೆ ಇಪ್ಪತ್ತೈದು ಪೈಸೆ ಅಂತ. ಮಾದರಿಗೆ ಒಂದು ಪಾಠ ಇತ್ತು, ಫೋಟೊ ಕತ್ತರಿಸುವುದನ್ನು (ಇಂಗ್ಲಿಷಿನ ಕ್ರಾಪ್) ಹೇಳುವ ಕಡೆ "ಚಿತ್ರವನ್ನು ಬೆಳೆ ಮಾಡಿ" ಅಂತ ಇತ್ತು. ಅವಳು ಬೇಡ ಅನ್ನಲಿಲ್ಲ. ತಿದ್ದುವ ಕೆಲಸಕ್ಕೆ ಗಂಟೆಯ ಲೆಕ್ಕದ ದರ ಬರೆದು, ಜೊತೆಗೆ ತನ್ನ ಒಂದು ಪುಟದ ಕರಾರನ್ನು ಇಟ್ಟು ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ. ಆಲೆಮನೆ ಮತ್ತೆ ಶುರುವಾಗಿದೆ. ಅಪ್ಪ ಈ ಸಲ ಎರಡು ಕೊಪ್ಪರಿಗೆಯಷ್ಟು ಬೆಲ್ಲವನ್ನು ಹೈಡ್ರೋಸ್ ಇಲ್ಲದೆ ತೆಗೆದು ಮೈಸೂರಿನ ಆ ಅಂಗಡಿಗೇ ಕೊಡಲು ಒಪ್ಪಿದ್ದಾರೆ, ಪೊಟ್ಟಣದ ಚೀಟಿ ಬರೆಯುವ ಕೆಲಸ ಮಗಳದು.